ಎಲ್ಲಿ ನಿಂತು ಹೇಳುವುದು?

ಬರೆಯಲು ವಿಷಯ ಸಿಕ್ಕಿತೆಂದು ಹಿಗ್ಗುವವರನ್ನು ಕಂಡಾಗ ನಾನು ಕೇಳುವುದುಂಟು: ವಿಷಯವೇನೋ ಸರಿ, ಅದನ್ನು ಎಲ್ಲಿ ನಿಂತು ಹೇಳುತ್ತೀರಿ?

ಮಹಾಭಾರತಕ್ಕಿಂತ ದೊಡ್ಡ ವಿಷಯ ಯಾವುದಿದೆ? ಪಂಪನು 941ರಲ್ಲಿ ಆ ಸಮಸ್ತ ಕಥೆಯನ್ನು 14 ಆಶ್ವಾಸಗಳಲ್ಲಿ ಅಡಕಗೊಳಿಸಿ, ಅರ್ಜುನನನ್ನು ನಡುವೆ ನಿಲ್ಲಿಸಿದ. ಅವನ ತರುವಾಯ ಬಂದ ರನ್ನನಿಗೆ ಉಳಿದುದೇನು? ಅವನು ನೇರವಾಗಿ ಯುದ್ಧದ ಕಡೆಯ ದಿನಕ್ಕೆ ಬಂದು ನಿಂತ. ನಿಂತಮೇಲೆ ಹಿಂದಿನದನ್ನು ಬಿಟ್ಟನೆ? ಇಲ್ಲ, ನಡೆಯುವ ಸಿಂಹ ಹಿಂದಿರುಗಿ ನೋಡುವಂತೆ ನೋಡಿದ. ದ್ಯೂತ, ದ್ರೌಪದಿಯ ಮುಡಿ, ಭೀಮನ ಪ್ರತಿಜ್ಞೆ ಎಲ್ಲವೂ ಬರುತ್ತವೆ, ಆದರೆ ಆ ದಿನಕ್ಕೆ ಬೇಕಾದಷ್ಟು ಮಾತ್ರ. ಹೆಣಗಳ ನಡುವೆ ದುರ್ಯೋಧನ ನಡೆದುಹೋಗುವ ಭಾಗವನ್ನು ನೆನೆಯಿರಿ. ದ್ರೋಣ, ಅಭಿಮನ್ಯು, ತನ್ನ ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣ: ಒಬ್ಬೊಬ್ಬರೆದುರೂ ಅವನು ನಿಲ್ಲುತ್ತಾನೆ, ಹಗೆಯ ಮಗನಾದ ಅಭಿಮನ್ಯುವನ್ನೂ ಮನಸಾರೆ ಮೆಚ್ಚುತ್ತಾನೆ. ಕಳೆದ ದಿನಗಳ ಯುದ್ಧವನ್ನು ಕವಿ ಬೇರೆಯಾಗಿ ವರ್ಣಿಸಬೇಕಾಗಿಲ್ಲ, ಬಿದ್ದವರೇ ಹೇಳುತ್ತಾರೆ.

ಇಲ್ಲೊಂದು ಸ್ವಾರಸ್ಯವಿದೆ. ಈ ಕಾವ್ಯಕ್ಕೆ 'ಸಾಹಸಭೀಮವಿಜಯ'ವೆಂಬ ಹೆಸರೂ ಉಂಟು. ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ರಚಿಸಿದ್ದು. ಆದರೂ ಓದುಗನ ಎದೆಯಲ್ಲಿ ಉಳಿಯುವವನು ದುರ್ಯೋಧನನೇ. ಬಿ. ಎಂ. ಶ್ರೀಕಂಠಯ್ಯನವರು ಇದನ್ನು ಗುರುತಿಸಿ, ರನ್ನನ ಕಾವ್ಯದಿಂದಲೇ 'ಗದಾಯುದ್ಧ ನಾಟಕಂ' ಕಟ್ಟಿ, ದುರ್ಯೋಧನನನ್ನು ದುರಂತನಾಯಕನಾಗಿ ರಂಗಕ್ಕೆ ತಂದರು. ಭೀಮನಿಗಾಗಿ ಹೊರಟ ಕಾವ್ಯ ದುರ್ಯೋಧನನತ್ತ ವಾಲಿದ್ದು ದೋಷವೆಂದು ವಾದಿಸಬಹುದು, ನನಗೆ ಹಾಗೆನ್ನಿಸಿಲ್ಲ. ನಿಂತ ನೆಲವೇ ಕವಿಗೆ ಅವನನ್ನು ತೋರಿಸಿತು. ಋಣಕ್ಕಾಗಿ ಕಣ್ಣು ಮುಚ್ಚಿಕೊಂಡಿದ್ದರೆ ನಮಗೆ ಒಂದು ಪ್ರಶಸ್ತಿಕಾವ್ಯ ಮಾತ್ರ ಸಿಗುತ್ತಿತ್ತು.

ನಮ್ಮ ಸಣ್ಣ ಬರಹಗಳಲ್ಲೂ ನಡೆಯುವುದು ಇದೇ. ಬರೆಯುವ ಮುನ್ನ ನಾವು ಗೊತ್ತುಮಾಡಿಕೊಳ್ಳುವ ಕೇಂದ್ರ ಒಂದು. ಬರೆದಾದ ಮೇಲೆ ಗಟ್ಟಿಯಾಗಿ ಓದಿಕೊಂಡರೆ ಕಾಣಿಸುವುದು ಮತ್ತೊಂದು. ಹಿಂದೆ ನನ್ನ ವಿದ್ಯಾರ್ಥಿಯೊಬ್ಬ ತನ್ನೂರ ಕೆರೆಯನ್ನು ಕುರಿತು ಪ್ರಬಂಧ ತಂದಿದ್ದ. ಶಾಸನ, ಮಳೆ, ಬೇಸಾಯ, ಸರ್ಕಾರದ ಯೋಜನೆ, ಯಾವುದಕ್ಕೂ ಕೊರತೆಯಿರಲಿಲ್ಲ. ನಾಲ್ಕನೆಯ ಪುಟದಲ್ಲಿ ಒಂದೇ ಒಂದು ವಾಕ್ಯವಿತ್ತು: ತೂಬು ತೆಗೆಯುತ್ತಿದ್ದ ನೀರುಗಂಟಿ ಈಗ ಪೇಟೆಯಲ್ಲಿ ಅಂಗಡಿ ಕಾಯುತ್ತಾನೆ. ಅದನ್ನು ಓದುವಾಗ ಹುಡುಗನ ದನಿ ಬದಲಾಯಿತು. ಅಲ್ಲಿಂದ ಮತ್ತೆ ಬರೆ ಎಂದೆ.

ಎರಡನೆಯ ಸಲ ಬರೆದಾಗ ಶಾಸನ ಉಳಿಯಿತು. ನೀರುಗಂಟಿಯ ಕೆಲಸಕ್ಕೆಂದು ಬಿಟ್ಟ ಭೂಮಿಯ ಮಾತು ಅದರಲ್ಲಿತ್ತು. ಮಳೆ ಒಂದು ವಾಕ್ಯಕ್ಕಿಳಿಯಿತು. ಯೋಜನೆ ತಾನಾಗಿ ಹೊರಟುಹೋಯಿತು. ಹನ್ನೆರಡು ಪುಟ ಐದಾಗಿತ್ತು. ಅಂಕವೂ ಹಾಗೆಯೇ ಇಳಿಯುವುದೆ, ಸಾರ್, ಎಂದು ಅವನು ಸ್ವಲ್ಪ ಆತಂಕದಿಂದಲೇ ಕೇಳಿದ.