‘ಕ್ವಾಂಟಂ’ ಎಂಬ ಪದ ಮತ್ತು ನಮ್ಮ ವೇದಾಂತ
(ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು, ಭೌತವಿಜ್ಞಾನಿಯಲ್ಲ. ಆದರೂ ಊರಿಗೆ ಬಂದಾಗ ಯಾರಾದರೂ ಕೇಳುತ್ತಾರೆ: “ನಾವು ನೋಡಿದರೆ ಮಾತ್ರ ಜಗತ್ತು ಇರೋದಂತೆ, ಕ್ವಾಂಟಂ ವಿಜ್ಞಾನ ಹೇಳಿದೆಯಂತೆ. ಉಪನಿಷತ್ತು ಹೇಳಿದ್ದೂ ಇದನ್ನೇ ಅಲ್ಲವೇನಪ್ಪ?”

ತೊಡಕೆಲ್ಲ ‘ವೀಕ್ಷಣೆ’ ಎಂಬ ಪದದ್ದು. ಎರಡು ಸಣ್ಣ ಸೀಳುಗಳತ್ತ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಬಿಟ್ಟರೆ, ಹಿಂದಿನ ಪರದೆಯ ಮೇಲೆ ಚುಕ್ಕಿಗಳು ಸೇರುತ್ತ ಸೇರುತ್ತ ಅಲೆಗಳು ಮೂಡಿಸುವಂಥ ಪಟ್ಟೆಗಳಾಗುತ್ತವೆ. ಯಾವ ಸೀಳಿನಿಂದ ಹೋಯಿತೆಂದು ಗುರುತಿಸುವ ಉಪಕರಣ ಇಟ್ಟರೆ ಪಟ್ಟೆ ಮಾಯ. ಕೋಣೆಗೆ ಬೀಗ ಹಾಕಿ ಎಲ್ಲರೂ ಊಟಕ್ಕೆ ಹೋದರೂ ಅಷ್ಟೇ. ವಿಯೆನ್ನಾದಲ್ಲಿ 1999ರಲ್ಲಿ 60 ಇಂಗಾಲದ ಪರಮಾಣುಗಳುಳ್ಳ ಅಣುಗಳೂ ಇಂಥ ಪಟ್ಟೆ ಮೂಡಿಸಿದವು. 2004ರಲ್ಲಿ ಅಲ್ಲಿಯವರೇ 70 ಪರಮಾಣುಗಳ ಅಣುಗಳನ್ನು ಲೇಸರಿನಿಂದ ಕಾಯಿಸಿದರು. ಕಾದ ಅಣು ತಾನೇ ಬೆಳಕು ಸೂಸಿ ತನ್ನ ದಾರಿಯ ಸುಳಿವು ಬಿಟ್ಟುಕೊಟ್ಟಿತು; ಪಟ್ಟೆಗಳು ಮಸುಕಾದವು. ಇಲ್ಲಿ ‘ನೋಡಿದ್ದು’ ಯಾವ ಮನಸ್ಸೂ ಅಲ್ಲ.

ಅಳತೆ ಎಂದರೆ ನಿಜಕ್ಕೂ ಏನೆಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಅದರಲ್ಲಿ ಪ್ರಜ್ಞೆಯ ಪಾತ್ರವಿದೆ ಎಂದು ವಾದಿಸಿದ್ದ ವಿಗ್ನರ್ ಕೂಡ ಮುಂದೆ ಅದನ್ನು ಕೈಬಿಟ್ಟರು.

“ಶ್ರೋಡಿಂಗರ್ ವೇದಾಂತ ಓದಿದ್ದರಲ್ಲ?” ಎನ್ನಬಹುದು. ಓದಿದ್ದರು, ಮನಸಾರೆ ಮೆಚ್ಚಿದ್ದರು. ಆದರೆ 1926ರ ಅವರ ಸಮೀಕರಣವನ್ನು ಜಗತ್ತು ಒಪ್ಪಿದ್ದು ಹೈಡ್ರೋಜನ್ನಿನ ಬೆಳಕಿನ ರೇಖೆಗಳ ಲೆಕ್ಕ ಸರಿಬಂದದ್ದಕ್ಕೆ. ಇನ್ನು ವೇದಾಂತಕ್ಕೆ ಎಲೆಕ್ಟ್ರಾನಿನ ಸಾಕ್ಷಿ ಬೇಕು ಅನ್ನುವುದು, ನನ್ನ ಮಟ್ಟಿಗೆ, ಅದಕ್ಕೆ ಮಾಡುವ ಅವಮಾನ.

ಹೀಗೆ ಮಾತಾಡಿಕೊಂಡರೆ ನಷ್ಟವೇನು ಅನ್ನಬೇಡಿ. 2021ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸಿನ ಅಣು ಸುರಕ್ಷತಾ ಪ್ರಾಧಿಕಾರ ಹತ್ತು ವಸ್ತುಗಳನ್ನು ಧರಿಸಬೇಡಿ ಎಂದು ಎಚ್ಚರಿಸಿತು. ‘ಕ್ವಾಂಟಂ’ ಹೆಸರಿನ ಪದಕವೂ ಅವುಗಳಲ್ಲಿತ್ತು. ಕಾರಣ, ಅವು ವಿಕಿರಣ ಸೂಸುತ್ತಿದ್ದವು!

ನಮ್ಮ ದೊಡ್ಡಪ್ಪನಿಗೂ ಒಬ್ಬರು ‘ಕ್ವಾಂಟಂ ಶಕ್ತಿ’ಯ ಪದಕ ಮಾರಿದ್ದರು. ಅದರಲ್ಲಿ ವಿಕಿರಣವಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಅದನ್ನು ನಂಬಿ ಅವರು ಎರಡು ತಿಂಗಳು ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟರು. ಕಾಲಿನ ಗಾಯ ಮಾಯಲಿಲ್ಲ. ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಬೈದ ಮೇಲೆ ಮಾತ್ರೆ ಮತ್ತೆ ಶುರುವಾಯಿತು. ಪದಕ ಈಗ ಮೊಳೆ-ತಿರುಪುಗಳ ಡಬ್ಬಿಯಲ್ಲಿದೆ. ಬೆಳಗಿನ ಗೀತಾಪಾರಾಯಣವನ್ನು ಮಾತ್ರ ಅವರು ಒಂದು ದಿನವೂ ತಪ್ಪಿಸಿಲ್ಲ.