ಮೆಟ್ಟಿಲು ಉಳಿಸಿದ ತಗಡು



ಈ ವಿಜ್ಞಾನ ವಸ್ತು ಪ್ರದರ್ಶನವನ್ನು ಉದ್ಘಾಟಿಸಿ, ವಿಜ್ಞಾನದ ಮಹತ್ವದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕೇಳಿದ್ದಾರೆ. ಮಕ್ಕಳೇ, ಆ ಮಹತ್ವವನ್ನು ನಿಮ್ಮ ಮೇಷ್ಟ್ರುಗಳು ವರ್ಷವಿಡೀ ಹೇಳಿದ್ದಾರೆ. ವಿಮಾನ ನಿರ್ವಹಣೆಯ ಕೆಲಸದಲ್ಲಿ ಆಯುಷ್ಯ ಕಳೆದ ನಾನು ವಿಮಾನದ ಒಂದೇ ಒಂದು ಭಾಗದ ಕಥೆ ಹೇಳುತ್ತೇನೆ. ಎಂಜಿನ್ ಬಿಡಿ, ರೆಕ್ಕೆಯನ್ನೂ ಬಿಡಿ. ನಾನು ಹೇಳಹೊರಟಿರುವುದು ಮೆಟ್ಟಿಲಿನ ಕಥೆ.

ದೊಡ್ಡ ವಿಮಾನದ ಬಾಗಿಲು ನೆಲದಿಂದ ಆಳೆತ್ತರಕ್ಕೂ ಮೇಲಿರುತ್ತದೆ. ದೇವನಹಳ್ಳಿಯಂಥ ನಿಲ್ದಾಣದಲ್ಲಿ ಇದು ನಿಮ್ಮ ಗಮನಕ್ಕೇ ಬರುವುದಿಲ್ಲ. ಏರೋಬ್ರಿಡ್ಜಿನೊಳಗೆ ನಡೆದು ಹೋಗಿ ಕೂರುತ್ತೀರಿ, ಇಲ್ಲವೇ ಮೆಟ್ಟಿಲು ಹೊತ್ತ ಗಾಡಿ ಬಂದು ಬಾಗಿಲಿಗೆ ಆತು ನಿಲ್ಲುತ್ತದೆ. ಒಂದು ರನ್‌ವೇ, ಒಂದು ಶೆಡ್ಡು, ಬೆರಳೆಣಿಕೆಯ ಸಿಬ್ಬಂದಿ ಇರುವ ಊರಿಗೆ ವಿಮಾನ ಬಂದಿಳಿದರೆ ಜನ ಇಳಿಯುವುದು ಹೇಗೆ? ದಿನಕ್ಕೊಂದು ವಿಮಾನ ಬರುವ ಕಡೆ ಆ ಗಾಡಿ, ಅದಕ್ಕೊಬ್ಬ ಚಾಲಕ, ಅದರ ರಿಪೇರಿ ಇವೆಲ್ಲ ಕೊಂಡು ಸಾಕುವ ಖರ್ಚಲ್ಲ. ಅದಕ್ಕೇ ಎರಡನೇ ಮಹಾಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಗೆ, ಅಮೆರಿಕದ ಮಾರ್ಟಿನ್ ಮತ್ತು ಕಾನ್ವೇರ್ ಕಂಪನಿಗಳ ಎಂಜಿನಿಯರುಗಳು ಮೆಟ್ಟಿಲನ್ನು ವಿಮಾನದೊಳಗೇ ಮಡಚಿ ಇಟ್ಟರು. ಮಾರ್ಟಿನ್ 2-0-2 ವಿಮಾನದಲ್ಲಿ ಅದು ಬಾಲದ ಕೆಳಗಿನಿಂದ ಇಳಿಯುತ್ತಿತ್ತು. 1955ರಲ್ಲಿ ಮೊದಲು ಹಾರಿದ ಫ್ರಾನ್ಸಿನ ಕ್ಯಾರವೆಲ್ ಜೆಟ್ಟಿಗೂ ಬಾಲದಡಿಯಲ್ಲೇ ಮೆಟ್ಟಿಲು. ಆ ಕ್ಯಾರವೆಲ್ 1964ರಿಂದ ನಮ್ಮ ಇಂಡಿಯನ್ ಏರ್‌ಲೈನ್ಸ್‌ನಲ್ಲೂ ಹಾರಿತು.

ಇವೆಲ್ಲಕ್ಕಿಂತ ಹೆಸರು ಮಾಡಿದ್ದು ಬೋಯಿಂಗ್ 727. 1963ರ ಫೆಬ್ರುವರಿಯಲ್ಲಿ ಮೊದಲು ಹಾರಿದ ಇದಕ್ಕೆ ಮೂರು ಎಂಜಿನ್, ಮೂರೂ ಹಿಂಭಾಗದಲ್ಲಿ. ಸಣ್ಣ ಊರಿನ ಗಿಡ್ಡ ರನ್‌ವೇಗಳಿಗೆಂದೇ ಅದನ್ನು ಯೋಚಿಸಿ ಕಟ್ಟಿದ್ದರು. ನಿಲ್ದಾಣದಲ್ಲಿ ಕರೆಂಟು ಕೊಡುವ ಯಂತ್ರ ಇಲ್ಲದಿದ್ದರೂ ನಡೆಯಲಿ ಎಂದು ಬಾಲದ ಬಳಿಯ ದೊಡ್ಡ ಎಂಜಿನ್‌ಗಳಲ್ಲದೆ ಬೇರೆಯೇ ಒಂದು ಚಿಕ್ಕ ಟರ್ಬೈನ್ ಇಟ್ಟರು. ಮೆಟ್ಟಿಲು ಗಾಡಿ ಇಲ್ಲದಿದ್ದರೂ ನಡೆಯಲಿ ಎಂದು ಬಾಲದಡಿಯಲ್ಲಿ ಮೆಟ್ಟಿಲು ಕೊಟ್ಟರು. ಯಾರ ಹಂಗೂ ಇಲ್ಲದೆ ಬಂದು, ಜನರನ್ನು ಇಳಿಸಿ, ಹತ್ತಿಸಿಕೊಂಡು ಹೋಗುವ ವಿಮಾನ ಅದು. ಅದರ ಹಿಂದಿದ್ದ ಯೋಚನೆಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ.

ಇದೇ ಯೋಚನೆ ನಮ್ಮ ನಾಡಿನಲ್ಲೂ ಕೆಲಸ ಮಾಡಿದೆ. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿದಾಗ ನೆಚ್ಚಿಕೊಂಡಿದ್ದು ಎಟಿಆರ್ ಎಂಬ ಎರಡು ಪ್ರೊಪೆಲ್ಲರಿನ ವಿಮಾನವನ್ನು. ಅದರ ಪ್ರಯಾಣಿಕರ ಬಾಗಿಲು ಹಿಂಭಾಗದ ಎಡಬದಿಯಲ್ಲಿದೆ. ಕೀಲು ಇರುವುದು ಬಾಗಿಲಿನ ಕೆಳ ಅಂಚಿನಲ್ಲಿ. ಹಿಡಿ ತಿರುಗಿಸಿ ಬಿಟ್ಟರೆ ಬಾಗಿಲು ಹೊರಕ್ಕೆ ಮಲಗುತ್ತಾ ಕೆಳಗಿಳಿಯುತ್ತದೆ, ಅದರ ಒಳಮೈಯೇ ಮೆಟ್ಟಿಲು. ಬಾಗಿಲು ಒಂದು, ಮೆಟ್ಟಿಲು ಒಂದು ಎಂದು ಎರಡು ವಸ್ತು ಇಲ್ಲ, ತೂಕವೂ ಎರಡು ಸಲ ಹೊರಬೇಕಿಲ್ಲ. 2023ರ ಆಗಸ್ಟ್ 31ರಂದು ಶಿವಮೊಗ್ಗದ ಹೊಸ ನಿಲ್ದಾಣಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಹೋಯಿತಲ್ಲ, ಅದೂ ಎಟಿಆರ್. ಒಂದು ಊರಿಗೆ ಮೊದಲು ತಲುಪುವುದು ತನ್ನ ಮೆಟ್ಟಿಲನ್ನು ತಾನೇ ಹೊತ್ತು ತರುವ ಇಂಥ ವಿಮಾನವೇ.

ಈಗ ಈ ಮೆಟ್ಟಿಲಿಗೆ ಬಂದೊದಗಿದ ಗಂಡಾಂತರದ ಕಥೆ.

1971ರ ನವೆಂಬರ್ 24. ಅಮೆರಿಕದ ಪೋರ್ಟ್‌ಲ್ಯಾಂಡಿನಿಂದ ಸಿಯಾಟಲ್‌ಗೆ ಅರ್ಧ ಗಂಟೆಯ ಹಾದಿ. ನಾರ್ತ್‌ವೆಸ್ಟ್ ಓರಿಯೆಂಟ್ ಕಂಪನಿಯ 727 ವಿಮಾನ. ಡ್ಯಾನ್ ಕೂಪರ್ ಎಂದು ಹೆಸರು ಹೇಳಿ, ನಗದು ಕೊಟ್ಟು ಟಿಕೆಟ್ ಕೊಂಡ ಒಬ್ಬ ಮನುಷ್ಯ ಹಿಂದಿನ ಸೀಟಿನಲ್ಲಿ ಕುಳಿತ. ಗುರುತಿನ ಚೀಟಿ ಕೇಳುವ, ಚೀಲ ತಪಾಸಣೆ ಮಾಡುವ ಪದ್ಧತಿ ಆಗ ಅಲ್ಲಿ ಇರಲಿಲ್ಲ. ವಿಮಾನ ಮೇಲೇರುತ್ತಿದ್ದಂತೆ ಗಗನಸಖಿಯ ಕೈಗೆ ಚೀಟಿ ಕೊಟ್ಟ: ನನ್ನ ಪೆಟ್ಟಿಗೆಯಲ್ಲಿ ಬಾಂಬ್ ಇದೆ ಅಂತ. ಅವನು ಕೇಳಿದ್ದು ಎರಡು ಲಕ್ಷ ಡಾಲರ್ ಮತ್ತು ನಾಲ್ಕು ಪ್ಯಾರಾಚೂಟ್. ಸಿಯಾಟಲ್‌ನಲ್ಲಿ ದುಡ್ಡು ಕೈಗೆ ಬಂದ ಮೇಲೆ 36 ಪ್ರಯಾಣಿಕರನ್ನು ಇಳಿಸಿದ. ಮತ್ತೆ ಹಾರಲು ಹೇಳಿದ. ಎತ್ತರ 10,000 ಅಡಿ ಮೀರಬಾರದು, ಚಕ್ರಗಳು ಇಳಿದೇ ಇರಬೇಕು, ರೆಕ್ಕೆಯ ಫ್ಲ್ಯಾಪ್ 15 ಡಿಗ್ರಿಯಲ್ಲಿರಬೇಕು, ಬಾಲದ ಮೆಟ್ಟಿಲು ಇಳಿಸಿಯೇ ಹೊರಡಬೇಕು ಅಂತ. ಮೆಟ್ಟಿಲು ಇಳಿಸಿ ಹಾರುವುದು ಅಪಾಯ ಎಂದಾಗ, ಆಗಲಿ, ನಾನೇ ಇಳಿಸಿಕೊಳ್ಳುತ್ತೇನೆ ಎಂದ.

ರಾತ್ರಿ ಎಂಟರ ಸುಮಾರಿಗೆ ಕಾಕ್‌ಪಿಟ್‌ನಲ್ಲಿ ಎಚ್ಚರಿಕೆಯ ದೀಪ ಹತ್ತಿತು: ಹಿಂದೆ ಮೆಟ್ಟಿಲು ಬಿಚ್ಚಿದೆ. ಸ್ವಲ್ಪ ಹೊತ್ತಿಗೆ ಬಾಲ ಒಮ್ಮೆ ಮೇಲಕ್ಕೆ ಕುಪ್ಪಳಿಸಿತು. ನೆವಾಡದ ರೀನೋದಲ್ಲಿ ಮೆಟ್ಟಿಲನ್ನು ರನ್‌ವೇ ಮೇಲೆ ಎಳೆದುಕೊಂಡೇ ವಿಮಾನ ಇಳಿದಾಗ ಅವನಿರಲಿಲ್ಲ. ಮಳೆ, ಚಳಿ, ಕಗ್ಗತ್ತಲೆಯ ಕಾಡಿನ ಮೇಲೆ ಹಾರಿಕೊಂಡವನು ಬದುಕಿದನೋ ಸತ್ತನೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. 1980ರಲ್ಲಿ ಎಂಟು ವರ್ಷದ ಹುಡುಗನೊಬ್ಬನಿಗೆ ಕೊಲಂಬಿಯಾ ನದಿಯ ಮರಳಿನಲ್ಲಿ ಅದೇ ನೋಟುಗಳಲ್ಲಿ 5,800 ಡಾಲರ್ ಸಿಕ್ಕಿತು. 2016ರಲ್ಲಿ ಎಫ್‌ಬಿಐ ಸಕ್ರಿಯ ತನಿಖೆ ನಿಲ್ಲಿಸಿತು.

ಮಕ್ಕಳೇ, ಈ ಕೂಪರ್ ಬಗ್ಗೆ ಸಿನಿಮಾ, ಹಾಡು, ಪುಸ್ತಕ ಎಲ್ಲ ಬಂದಿವೆ. ಅವನನ್ನು ಸಾಹಸಿಯೆಂದು ಮೆರೆಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆ ರಾತ್ರಿಯ ಧೈರ್ಯ ನೋಡಬೇಕೆಂದರೆ ಟೀನಾ ಮಕ್ಲೋ ಅವರನ್ನು ನೋಡಿ. ಇಪ್ಪತ್ತೆರಡು ವರ್ಷದ ಗಗನಸಖಿ. ಬಾಂಬ್ ಪೆಟ್ಟಿಗೆಯವನ ಪಕ್ಕದಲ್ಲೇ ಗಂಟೆಗಟ್ಟಲೆ ಕುಳಿತು, ಅವನ ಮಾತನ್ನು ಫೋನಿನಲ್ಲಿ ಪೈಲಟ್‌ಗಳಿಗೆ ಮುಟ್ಟಿಸುತ್ತಾ, ಅವನ ಮನಸ್ಸು ಕೆಡದಂತೆ ನೋಡಿಕೊಂಡವರು. ಪ್ರಯಾಣಿಕರು ಅಂದು ಜೀವಂತ ಮನೆ ಸೇರಿದ್ದರಲ್ಲಿ ಅವರ ಪಾಲು ದೊಡ್ಡದು.

ಅದೇ 1971ರ ಜನವರಿ 30ರಂದು ನಮ್ಮ ಇಂಡಿಯನ್ ಏರ್‌ಲೈನ್ಸ್‌ನ ‘ಗಂಗಾ’ ಎಂಬ ಫೋಕರ್ ವಿಮಾನವನ್ನು ಶ್ರೀನಗರದಿಂದ ಜಮ್ಮುವಿನ ಹಾದಿಯಲ್ಲಿ ಇಬ್ಬರು ಲಾಹೋರಿಗೆ ಅಪಹರಿಸಿದ್ದರು. ಕೈಯಲ್ಲಿದ್ದದ್ದು ಆಟಿಕೆ ಪಿಸ್ತೂಲು, ಮರದ ಗ್ರೆನೇಡು. ಪ್ರಯಾಣಿಕರು ಬಿಡುಗಡೆಯಾದರು, ವಿಮಾನವನ್ನು ಸುಟ್ಟುಹಾಕಲಾಯಿತು. 1971 ಅಂದರೆ ವಿಮಾನಗಳ ಬಾಗಿಲುಗಳೆಲ್ಲ ನಂಬಿಕೆಯ ಮೇಲೆ ನಡೆಯುತ್ತಿದ್ದ ಕಾಲ.

ಕೂಪರ್ ಹಾರಿದ ಐದು ತಿಂಗಳೊಳಗೆ, 1972ರ ಏಪ್ರಿಲ್‌ನಲ್ಲಿ, ರಿಚರ್ಡ್ ಮೆಕಾಯ್ ಎಂಬುವನು ಐದು ಲಕ್ಷ ಡಾಲರ್ ಹಿಡಿದು ಇನ್ನೊಂದು 727ರ ಬಾಲದಿಂದ ಹಾರಿದ. ಎರಡೇ ದಿನದಲ್ಲಿ ಸಿಕ್ಕಿಬಿದ್ದ. ಇನ್ನೂ ಕೆಲವರು ಅದೇ ದಾರಿ ಹಿಡಿದರು. ಸಣ್ಣ ಊರಿನವರಿಗೆಂದು ಇಟ್ಟ ಮೆಟ್ಟಿಲು ಕಳ್ಳರ ದಾರಿಯಾಗಿಬಿಟ್ಟಿತು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಮೆಟ್ಟಿಲನ್ನೇ ಬೆಸುಗೆ ಹಾಕಿ ಮುಚ್ಚಬಹುದು. ವಿದ್ಯುತ್ ಬೀಗ ಹಾಕಬಹುದು. ಅದಕ್ಕೆ ತಂತಿ, ಸ್ವಿಚ್ಚು, ಕರೆಂಟು ಬೇಕು, ಸ್ವಿಚ್ಚು ಇದ್ದಲ್ಲಿ ಹೆದರಿಸಿ ಒತ್ತಿಸುವವನೂ ಇರುತ್ತಾನೆ. ಕೊನೆಗೆ ಹೊಳೆದ ಉಪಾಯ ಎಷ್ಟು ಸರಳ ಎಂದರೆ, ನಿಮ್ಮಲ್ಲಿ ಯಾರು ಬೇಕಾದರೂ ರಟ್ಟು, ರಬ್ಬರ್ ಬ್ಯಾಂಡಿನಲ್ಲಿ ಮಾಡಿ ತೋರಿಸಬಹುದು.

ವಿಮಾನದ ಹೊಟ್ಟೆಯ ಹೊರಗೆ, ಮೆಟ್ಟಿಲಿನ ಪಕ್ಕದಲ್ಲಿ, ತಿರುಗುವ ಒಂದು ಅಚ್ಚು. ಅದಕ್ಕೊಂದು ದೋಣಿಯ ಹುಟ್ಟಿನ ಆಕಾರದ ಚಿಕ್ಕ ತಗಡು, ಜೊತೆಗೊಂದು ಅಡ್ಡಪಟ್ಟಿ, ಒಂದು ಸ್ಪ್ರಿಂಗ್. ವಿಮಾನ ನಿಂತಿದ್ದಾಗ ಸ್ಪ್ರಿಂಗ್ ತಗಡನ್ನು ಅಡ್ಡಲಾಗಿ ನಿಲ್ಲಿಸಿರುತ್ತದೆ, ಮೆಟ್ಟಿಲಿಗೆ ತಡೆಯಿಲ್ಲ. ವಿಮಾನ ಓಡಿ ಮೇಲೇರಿತೆಂದರೆ ಎದುರುಗಾಳಿ ತಗಡನ್ನು ಹಿಂದಕ್ಕೆ ತಳ್ಳುತ್ತದೆ. ಓಡುವ ಬಸ್ಸಿನ ಕಿಟಕಿಯಲ್ಲಿ ಅಂಗೈ ಹಿಂದಕ್ಕೆ ಸರಿಯುವುದಿಲ್ಲವೇ, ಹಾಗೆ. ತಗಡಿನ ಜೊತೆ ಅಚ್ಚು ತಿರುಗಿ, ಅಡ್ಡಪಟ್ಟಿ ಮೆಟ್ಟಿಲಿನ ಕೆಳಗೆ ಬಂದು ಕೂರುತ್ತದೆ. ಒಳಗಿನಿಂದ ಯಾರು ಏನೇ ಎಳೆದರೂ ಮೆಟ್ಟಿಲು ಇಳಿಯುವುದಿಲ್ಲ. ನೆಲಕ್ಕಿಳಿದು ವೇಗ ಕುಗ್ಗಿದರೆ ಸ್ಪ್ರಿಂಗ್ ತಾನಾಗಿ ಅದನ್ನು ಮೊದಲಿನ ಜಾಗಕ್ಕೆ ತರುತ್ತದೆ. ಕರೆಂಟಿಲ್ಲ, ಬೀಗದ ಕೈಯಿಲ್ಲ, ಪೈಲಟ್ ನೆನಪಿಟ್ಟುಕೊಳ್ಳಬೇಕಾದ್ದೂ ಇಲ್ಲ. ಯಾವ ಗಾಳಿಗೆ ಕೂಪರ್ ಹಾರಿದನೋ ಅದೇ ಗಾಳಿ ಈಗ ಕಾವಲು. ಇದಕ್ಕೆ ಕೂಪರ್ ವೇನ್ ಎಂದೇ ಹೆಸರು ಬಿತ್ತು. ಅಪಹರಣಕಾರನ ಬದಲು ಅದನ್ನು ಕಲ್ಪಿಸಿದವರ ಹೆಸರು ಅದಕ್ಕೆ ಇರಬೇಕಿತ್ತು ಎಂಬುದು ನನ್ನ ಮನಸ್ಸಿನ ಮಾತು.

ಬೇರೆ ಬದಲಾವಣೆಗಳೂ ಬಂದವು. ಕಾಕ್‌ಪಿಟ್ ಬಾಗಿಲಿಗೆ ಇಣುಕುಗಿಂಡಿ ಬಂತು. 1973ರ ಜನವರಿಯಿಂದ ಅಮೆರಿಕದಲ್ಲಿ ಪ್ರತಿ ಪ್ರಯಾಣಿಕನ, ಪ್ರತಿ ಚೀಲದ ತಪಾಸಣೆ ಶುರುವಾಯಿತು. ಆದರೆ ಎಂಜಿನಿಯರನಾಗಿ ನನ್ನ ಮನಸ್ಸು ನಿಲ್ಲುವುದು ಆ ತಗಡಿನ ಬಳಿ. ಕಳ್ಳನಿಗೆ ಹೆದರಿ ಸಣ್ಣ ಊರಿನವರ ಮೆಟ್ಟಿಲನ್ನು ಅದು ಕಿತ್ತುಕೊಳ್ಳಲಿಲ್ಲ. ಹತ್ತುವವರಿಗೆ ಹಾದಿ ಬಿಟ್ಟು, ಹಾರಿಕೊಳ್ಳುವವನಿಗೆ ಮಾತ್ರ ಅಡ್ಡ ನಿಂತಿತು. ಇಂಥದ್ದನ್ನು ಯೋಚಿಸಲು ಎರಡು ಕಣ್ಣು ಬೇಕು: ಬಳಸುವವನ ಕಷ್ಟ ಕಾಣುವ ಕಣ್ಣು, ಕೆಡಿಸುವವನ ದಾರಿ ಕಾಣುವ ಕಣ್ಣು.

ಇದನ್ನೆಲ್ಲ ಕೋಲಾರದಲ್ಲಿ ನಿಂತು ಏಕೆ ಹೇಳುತ್ತಿದ್ದೇನೆ? ನಮ್ಮ ವೇಮಗಲ್‌ನಲ್ಲಿ ಟಾಟಾ ಸಂಸ್ಥೆಯೊಂದಿಗೆ ಸೇರಿ ಎಚ್125 ಹೆಲಿಕಾಪ್ಟರ್ ಜೋಡಿಸುವ ಕಾರ್ಖಾನೆಯನ್ನು ಏರ್‌ಬಸ್ 2025ರಲ್ಲಿ ಪ್ರಕಟಿಸಿತು. ಇದೇ ವಂಶದ ಹೆಲಿಕಾಪ್ಟರ್ 2005ರಲ್ಲಿ ಎವರೆಸ್ಟ್ ತುದಿಯ ಮೇಲೆ ಇಳಿದಿತ್ತು. 727 ಕಟ್ಟಿದ ಬೋಯಿಂಗ್ ಕಂಪನಿಯ 43 ಎಕರೆಯ ಎಂಜಿನಿಯರಿಂಗ್ ಕೇಂದ್ರ 2024ರ ಜನವರಿಯಲ್ಲಿ ದೇವನಹಳ್ಳಿಯಲ್ಲಿ ಉದ್ಘಾಟನೆಯಾಯಿತು. ನಾನು ಓದುವಾಗ ಈ ಹೆಸರುಗಳೆಲ್ಲ ಕಡಲಾಚೆಯವು. ನಿಮಗೆ ಅವು ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಅಲ್ಲಿ ಕೆಲಸ ಕೇಳಲು ಹೋದಾಗ ಈ ಎರಡು ಕಣ್ಣೂ ನಿಮಗೆ ಇರಲಿ ಎಂದು ನನ್ನ ಆಸೆ.

ಆದ್ದರಿಂದ ನನ್ನದೊಂದು ಕೋರಿಕೆ. ಊಟದ ಬಿಡುವಿನೊಳಗೆ ಪ್ರತಿ ತಂಡವೂ ತನ್ನ ಮಾದರಿಯ ಪಕ್ಕದಲ್ಲಿ ಒಂದು ಚೀಟಿ ಅಂಟಿಸಲಿ. ಹನಿ ನೀರಾವರಿಯ ವಾಲ್ವ್ ಮಾಡಿದವರು, ಪಕ್ಕದ ಹೊಲದವನು ರಾತ್ರಿ ಬಂದು ಅದನ್ನು ತಿರುಗಿಸಿದರೆ ಏನಾಗುತ್ತದೆ ಎಂದು ಬರೆಯಲಿ. ಹಾಲಿನ ಡೇರಿಗೆ ತೂಕದ ಯಂತ್ರ ಮಾಡಿದವರು, ಅದರಲ್ಲಿ ಮೋಸ ಮಾಡುವುದು ಹೇಗೆ, ತಡೆಯುವುದು ಹೇಗೆ ಎಂದು ಬರೆಯಲಿ. ತಡೆ ಆದಷ್ಟು ಸರಳವಾಗಿರಲಿ, ರೈತನಿಗೆ ತೊಡಕಾಗದೆ ಇರಲಿ. ತೀರ್ಪುಗಾರರಲ್ಲಿ ನನ್ನ ವಿನಂತಿ: ಆ ಚೀಟಿಯನ್ನೂ ಓದಿ, ಅದಕ್ಕೂ ಅಂಕ ಕೊಡಿ. ಮಧ್ಯಾಹ್ನ ನಾನೇ ಒಂದೊಂದು ಮೇಜಿಗೂ ಬಂದು ಕೇಳುತ್ತೇನೆ.

ಪ್ರದರ್ಶನ ಉದ್ಘಾಟನೆಯಾಗಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ. ಎಲ್ಲರೂ ಒಳಗೆ ಬನ್ನಿ.