ಮರಿಗಳ ಜೊತೆ ಸಂತೆಯಿಂದ ಸಂತೆಗೆ



ಕಾರ್ಯಕ್ರಮದ ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೆ "ಹವ್ಯಾಸಿ ಕಲಾವಿದೆ" ಎಂದು ಅಚ್ಚಾಗಿದೆ. ಪ್ರೀತಿಯಿಂದಲೇ ಹಾಕಿದ್ದಾರೆ, ನನಗೇನೂ ಬೇಜಾರಿಲ್ಲ. ಆದರೆ ಪ್ರತಿ ಏಪ್ರಿಲ್‌ನಲ್ಲಿ ಈ ಹವ್ಯಾಸಕ್ಕೆ ನಾನು ಷೆಡ್ಯೂಲ್ ಸಿ ತುಂಬಿ ತೆರಿಗೆ ಕಟ್ಟುತ್ತೇನೆ. ಹಾಗಾಗಿ ಇವತ್ತಿನ ಮಟ್ಟಿಗೆ ನನ್ನನ್ನೂ ನಿಮ್ಮ ಹಾಗೆ ಕೆಲಸಕ್ಕೆ ಹೋಗುವವಳು ಅಂದುಕೊಂಡು ಕೇಳಿ. ನನ್ನ ಆಫೀಸು ಹತ್ತಡಿ ಉದ್ದ, ಹತ್ತಡಿ ಅಗಲ. ಗೋಡೆ ಇಲ್ಲ. ಜೋರಾಗಿ ಗಾಳಿ ಬಂದರೆ ಆಫೀಸೇ ಹಾರಿಹೋಗುತ್ತದೆ.

ನಾನು ಮಾಡುವುದು ಪ್ರಾಣಿಗಳನ್ನು. ನರಿ, ಮುಂಗುಸಿ, ಗೂಬೆ ಇಂಥ ಇರುವ ಪ್ರಾಣಿಗಳು ಅರ್ಧ. ರೆಕ್ಕೆಯ ಕುರಿ, ಕೊಂಬಿನ ಮೊಲ, ಡ್ರ್ಯಾಗನ್ ಇಂಥ ಇಲ್ಲದ ಪ್ರಾಣಿಗಳು ಇನ್ನರ್ಧ. ಇಲ್ಲಿ ಇವಕ್ಕೆ ಕ್ರೀಚರ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ನನ್ನ ಮಗಳು ಎಲ್ಲವನ್ನೂ ಸೇರಿಸಿ "ಮರಿಗಳು" ಅನ್ನುತ್ತಾಳೆ, ನನಗೂ ಅದೇ ರೂಢಿಯಾಗಿದೆ. ವಿಧಾನ ಬಹಳ ಸರಳ. ಕುರಿಯ ಉಣ್ಣೆಯನ್ನು ಹಿಂಜಿ ಉಂಡೆ ಮಾಡಿಕೊಂಡು, ಮೈಯಲ್ಲಿ ಸಣ್ಣ ಸಣ್ಣ ಕಚ್ಚುಗಳಿರುವ ಸೂಜಿಯಿಂದ ಚುಚ್ಚುತ್ತಾ ಹೋಗುವುದು. ಒಳಗೆ ಹೋದ ಸೂಜಿ ಎಳೆಗಳನ್ನು ಎಳೆದುಕೊಂಡು ಹೋಗಿ ಒಂದಕ್ಕೊಂದು ಹೆಣೆದುಬಿಡುತ್ತದೆ. ಎಲ್ಲಿ ಹೆಚ್ಚು ಚುಚ್ಚುತ್ತೀರೋ ಅಲ್ಲಿ ಗಟ್ಟಿಯಾಗಿ ಒಳಕ್ಕೆ ಹೋಗುತ್ತದೆ, ಬಿಟ್ಟ ಕಡೆ ಉಬ್ಬಿಕೊಂಡಿರುತ್ತದೆ. ಕೆನ್ನೆ, ಮೂತಿ, ಕಣ್ಣಿನ ಗುಳಿ ಎಲ್ಲ ಬರುವುದು ಹೀಗೆಯೇ. ಅಂಗೈಯಗಲದ ಒಂದು ನರಿಗೆ 7 ಗಂಟೆ ಬೇಕು. ಮೊಣಕೈಯಷ್ಟು ಉದ್ದದ ಡ್ರ್ಯಾಗನ್‌ಗೆ ಒಂದು ವಾರದ ಪೂರ್ತಿ ಕೆಲಸ. ಬೆರಳಿಗೆ ಎಷ್ಟು ಸಲ ಚುಚ್ಚಿಕೊಂಡಿದ್ದೇನೆ ಎಂದು ಲೆಕ್ಕ ಇಟ್ಟಿಲ್ಲ.

ನನ್ನ ಊರು ಚಳ್ಳಕೆರೆ. ಚಿತ್ರದುರ್ಗದ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು. ಬೇರೆಯವರಿಗೆ ಹೇಳಬೇಕೆಂದರೆ, ಅದು ಕುರಿ ಮತ್ತು ಕಂಬಳಿಯ ಸೀಮೆ. ನಮ್ಮ ಬೀದಿಯಲ್ಲಿ ಕಂಬಳಿ ನೇಯುವ ಮನೆಗಳಿದ್ದವು. ತುಪ್ಪಟ ಹಿಂಜುವಾಗ ಏಳುವ ಧೂಳು, ಹಾಸಿಗೆ ಹಚ್ಚುವ ಹುಣಸೆ ಬೀಜದ ಗಂಜಿಯ ವಾಸನೆ, ಇವು ನನ್ನ ಮೂಗಿನಲ್ಲಿ ಇನ್ನೂ ಇವೆ. (ಈ ಹಾಸು ಮಲಗುವುದಲ್ಲ, ಮಗ್ಗದ್ದು.) ಡೆಕ್ಕನಿ ಕುರಿಯ ಉಣ್ಣೆ ಕಪ್ಪು, ಒರಟು, ಮೈಗೆ ಚುಚ್ಚುತ್ತದೆ. ಸ್ವೆಟರ್‌ಗೆ ಬೇಡವೆನಿಸುವ ಇಂಥ ಒರಟು ಉಣ್ಣೆಯೇ ನನ್ನ ಮರಿಗಳ ಒಳಮೈಗೆ ಸರಿ. ನುಣುಪಾದ ಮೆರಿನೋ ಉಣ್ಣೆ ಸೂಜಿಗೆ ಅಷ್ಟು ಬೇಗ ಬಗ್ಗುವುದಿಲ್ಲ.

2011ರಲ್ಲಿ ನಾರ್ತ್ ಕೆರೊಲಿನಾಗೆ ಬಂದೆ, ಹೆಚ್-4 ಮೇಲೆ. ಈ ಎರಡಕ್ಷರದ ಅರ್ಥ ಈ ಸಭೆಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಮರಿಗಳು ಹುಟ್ಟತೊಡಗಿದವು. ಪಕ್ಕದ ಮನೆಯವರು ಒಂದನ್ನು ನೋಡಿ "ಐವತ್ತು ಡಾಲರ್ ಕೊಡುತ್ತೇನೆ" ಎಂದರೆ ನಾನು ಗಾಬರಿಯಾಗಿ ಅದನ್ನು ಅವರ ಕೈಗೆ ತುರುಕಿ, ದುಡ್ಡು ಬೇಡ ಎಂದು ಓಡಿಬರಬೇಕಾಗಿತ್ತು. ಕೊಟ್ಟರೆ ಉಡುಗೊರೆ, ಮಾರಿದರೆ ಅನಧಿಕೃತ ಉದ್ಯೋಗ. ಐದು ವರ್ಷ ಹೀಗೇ ಹಂಚಿದೆ. ನಮ್ಮ ಬಡಾವಣೆಯಲ್ಲಿ ನನ್ನಷ್ಟು ಉದಾರಿ ಇನ್ನೊಬ್ಬಳಿಲ್ಲ ಎಂದು ಹೆಸರಾಯಿತು! 2015ರ ಮೇ 26ರಂದು ಹೊಸ ನಿಯಮ ಜಾರಿಗೆ ಬಂತು. ಗ್ರೀನ್ ಕಾರ್ಡಿನ ದಾರಿಯಲ್ಲಿ ಐ-140 ದಾಟಿದವರ ಗಂಡ ಅಥವಾ ಹೆಂಡತಿ ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು ಎಂದಾಯಿತು. ನನ್ನ ಕಾರ್ಡ್ ಬಂದದ್ದು 2016ರಲ್ಲಿ. ಅದೇ ವಾರ ಒಂದು ಫೇರ್‌ಗೆ ಅರ್ಜಿ ಹಾಕಿದೆ.

ಇಲ್ಲಿಯ ಕ್ರಾಫ್ಟ್ ಫೇರ್ ನಮ್ಮ ಸಂತೆಯ ಹಾಗೆ ಹೋಗಿ ಗೋಣಿಚೀಲ ಹಾಸಿ ಕೂರುವಂಥದ್ದಲ್ಲ. ಒಳ್ಳೆಯ ಫೇರ್‌ಗಳಲ್ಲಿ ಆಯ್ಕೆ ಸಮಿತಿ ಇರುತ್ತದೆ. ನಾಲ್ಕೈದು ಕೃತಿಗಳ ಫೋಟೋ ಕಳಿಸಬೇಕು, ಜೊತೆಗೆ ನಿಮ್ಮ ಮಳಿಗೆ ಹೇಗಿರುತ್ತದೆ ಎಂಬ ಫೋಟೋ ಕೂಡ. ಒಂದೂ ಫೇರ್ ಮಾಡದವಳು ಮಳಿಗೆಯ ಫೋಟೋ ಎಲ್ಲಿಂದ ತರಬೇಕು? ಹಿತ್ತಲಲ್ಲಿ ಡೇರೆ ಎಬ್ಬಿಸಿ, ಮೇಜಿಗೆ ನನ್ನ ಹಳೇ ಇಳಕಲ್ ಸೀರೆ ಹೊದಿಸಿ ಫೋಟೋ ತೆಗೆದೆವು. ಅರ್ಜಿಯ ಶುಲ್ಕ ಬೇರೆ, ಆಯ್ಕೆಯಾಗದಿದ್ದರೆ ಅದು ವಾಪಸಿಲ್ಲ. ಆಯ್ಕೆಯಾದರೆ ಜಾಗದ ಬಾಡಿಗೆ ಬೇರೆ. ಡೇರೆಯ ಪ್ರತಿ ಕಾಲಿಗೂ 40 ಪೌಂಡ್ ತೂಕ ಕಟ್ಟಬೇಕೆಂದು ಬಹಳ ಕಡೆ ನಿಯಮವಿದೆ. ನನ್ನ ಗಂಡ ಪ್ಲಾಸ್ಟಿಕ್ ಪೈಪಿಗೆ ಕಾಂಕ್ರೀಟ್ ತುಂಬಿ ನಾಲ್ಕು ಗುಂಡು ಮಾಡಿಕೊಟ್ಟರು. ಈ ದಾಂಪತ್ಯದಲ್ಲಿ ನನಗೆ ಸಿಕ್ಕ ಅತ್ಯಂತ ಉಪಯುಕ್ತ ಉಡುಗೊರೆ ಅದೇ.

ನಮ್ಮ ರಾಜ್ಯದಲ್ಲಿ ಪ್ರಾಣಿಗಳನ್ನು ಕೈಯಲ್ಲಿ ಮಾಡಿ ಬದುಕಿದವರ ಚರಿತ್ರೆಯೇ ಇದೆ. ಬೆಟ್ಟಗಳ ನಡುವೆ ಬ್ರಾಸ್‌ಟೌನ್ ಎಂಬ ಸಣ್ಣ ಊರು. ಅಲ್ಲಿ 1925ರಲ್ಲಿ ಆಲಿವ್ ಡೇಮ್ ಕ್ಯಾಂಬೆಲ್ ಒಂದು ಜನಪದ ಶಾಲೆ ಶುರು ಮಾಡಿದರು. ಊರಿನ ಅಂಗಡಿಯ ಮುಂದೆ ಗಂಡಸರು ಹರಟುತ್ತಾ ಕುಳಿತು ಚಾಕುವಿನಿಂದ ಬೆಂಚನ್ನೇ ಕೆತ್ತುತ್ತಿದ್ದರಂತೆ. ಆ ಚಾಕುವಿಗೆ ಒಳ್ಳೆಯ ಮರದ ತುಂಡು ಕೊಟ್ಟು, ಬಾತುಕೋಳಿ, ಹೇಸರಗತ್ತೆ, ಹಂದಿ ಕೆತ್ತಲು ಕಲಿಸಿ, ಶಾಲೆಯೇ ಅದನ್ನು ಮಾರಿಕೊಟ್ಟಿತು. ಬ್ರಾಸ್‌ಟೌನ್ ಕಾರ್ವರ್ಸ್ ಎಂಬ ಹೆಸರು ಹುಟ್ಟಿದ್ದು ಹಾಗೆ. ಬಡ ರೈತರ ಮನೆಗಳಿಗೆ ಅದರಿಂದ ನಗದು ಬಂತು. ನಾನು ಆ ಶಾಲೆಗೆ ಹೋದಾಗ ನೋಡಿದ ಒಂದು ಹೇಸರಗತ್ತೆಯ ಸೊಟ್ಟ ಕಿವಿ ಈಗಲೂ ನೆನಪಿದೆ. ಆ ಸೊಟ್ಟತನದಲ್ಲೇ ಅದರ ಸ್ವಭಾವವೆಲ್ಲ ಇತ್ತು.

ಇನ್ನು ದುಡ್ಡಿನ ಮಾತು. ನಮ್ಮವರು ವೇದಿಕೆಯ ಮೇಲೆ ಇದನ್ನು ಆಡುವುದಿಲ್ಲ, ಊಟದ ಸಾಲಿನಲ್ಲಿ ಮೆಲ್ಲಗೆ ಕೇಳುತ್ತಾರೆ. ಇಲ್ಲೇ ಹೇಳಿಬಿಡುತ್ತೇನೆ. ಮೊದಲ ವರ್ಷ ನರಿಯ ಬೆಲೆ 85 ಡಾಲರ್. ಉಣ್ಣೆ, ಗಾಜಿನ ಕಣ್ಣು, ತಂತಿಗೆ 10 ಡಾಲರ್ ಕಳೆಯಿರಿ. ಕಾರ್ಡ್ ಉಜ್ಜಿದ್ದಕ್ಕೆ ಎರಡೂವರೆ ಹೋಯಿತು. ಆ ಫೇರ್‌ಗೆ ಜಾಗದ ಬಾಡಿಗೆ, ಮೋಟೆಲ್, ಪೆಟ್ರೋಲ್ ಸೇರಿ 580 ಆಗಿತ್ತು, 24 ಮರಿಗಳು ಮಾರಾಟವಾದವು, ಅಂದರೆ ತಲೆಗೆ 24. ಉಳಿದದ್ದು ನಲವತ್ತೆಂಟೂವರೆ. ಏಳು ಗಂಟೆಗೆ ಭಾಗಿಸಿದರೆ ಗಂಟೆಗೆ 6 ಡಾಲರ್ 93 ಸೆಂಟ್. ನಾರ್ತ್ ಕೆರೊಲಿನಾದ ಕನಿಷ್ಠ ಕೂಲಿ 7.25. ಎರಡು ದಿನ ನಿಂತದ್ದು, ಡೇರೆ ಕಟ್ಟಿ ಬಿಚ್ಚಿದ್ದು ಈ ಲೆಕ್ಕದಲ್ಲಿ ಬಂದೇ ಇಲ್ಲ. ಈಗ ಅದೇ ನರಿಗೆ 120. ವಿಚಿತ್ರವೆಂದರೆ ಬೆಲೆ ಏರಿದ ಮೇಲೆ ಜನ ಮರಿಯನ್ನು ಎತ್ತಿಕೊಳ್ಳುವ ರೀತಿಯೇ ಬದಲಾಯಿತು. ಮೊದಲು ಕಿವಿ ಹಿಡಿದು ಎತ್ತುತ್ತಿದ್ದರು, ಈಗ ಎರಡೂ ಕೈ ಚಾಚುತ್ತಾರೆ.

ನಮ್ಮವರೂ ಬರುತ್ತಾರೆ. "ಅಕ್ಕಾ, ಇದೇ ಥರದ್ದು ಅಮೆಜಾನ್‌ನಲ್ಲಿ ಹದಿನೈದಕ್ಕೆ ಸಿಗತ್ತಲ್ವಾ?" "ಸಿಗತ್ತಮ್ಮ, ಚೆನ್ನಾಗೇ ಇರತ್ತೆ, ತಗೊಳ್ಳಿ" ಅನ್ನುತ್ತೇನೆ. ಕೋಪದಿಂದಲ್ಲ. ಮಗುವಿಗೆ ಆಡಲು ಬೇಕಿದ್ದರೆ ಅದೇ ಸರಿ. 2008ರ ಗ್ರಾಹಕ ಸುರಕ್ಷತೆಯ ಕಾನೂನಿನ ಪ್ರಕಾರ 12 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳ ವಸ್ತುಗಳಿಗೆ ಪರೀಕ್ಷೆ, ಪ್ರಮಾಣಪತ್ರ ಎಲ್ಲ ಬೇಕು. ನಾನು ಮಾಡುವುದು ದೊಡ್ಡವರು ಕಪಾಟಿನಲ್ಲಿಡಲು. ಗರಿಯ ವಿಷಯದಲ್ಲೂ ಎಚ್ಚರ ಬೇಕು. ನಿಮ್ಮ ಹಿತ್ತಲಲ್ಲಿ ತಾನಾಗಿ ಬಿದ್ದ ಬ್ಲೂ ಜೇ ಹಕ್ಕಿಯ ಗರಿಯನ್ನು ಇಟ್ಟುಕೊಳ್ಳುವುದೂ 1918ರ ವಲಸೆ ಹಕ್ಕಿಗಳ ಕಾಯ್ದೆಯಂತೆ ತಪ್ಪು. ನನ್ನ ಡ್ರ್ಯಾಗನ್‌ಗಳೆಲ್ಲ ಬಣ್ಣ ಹಾಕಿದ ಕೋಳಿಗರಿ ತೊಟ್ಟುಕೊಂಡೇ ಗಂಭೀರವಾಗಿ ಕೂರುತ್ತವೆ.

ಬೇಸಿಗೆಯಲ್ಲಿ ಬೀದಿ ಫೇರ್, ಶರತ್ಕಾಲದಲ್ಲಿ ರೆನೆಸಾನ್ಸ್ ಫೇರ್, ನಡುವೆ ಸೈನ್ಸ್ ಫಿಕ್ಷನ್ ಕನ್ವೆನ್ಷನ್‌ಗಳ ಆರ್ಟ್ ಶೋ. ರೆನೆಸಾನ್ಸ್ ಫೇರ್‌ನಲ್ಲಿ ಜನ ರಾಜರಾಣಿಯರ ವೇಷ ಹಾಕಿಕೊಂಡು ಬಂದು ಹೆಗಲ ಮೇಲೆ ಕೂರುವ ಡ್ರ್ಯಾಗನ್ ಕೇಳುತ್ತಾರೆ. ಆರ್ಟ್ ಶೋದಲ್ಲಿ ನಾನು ನಿಲ್ಲಬೇಕಾಗಿಯೇ ಇಲ್ಲ. ಕೃತಿಯ ಪಕ್ಕದಲ್ಲೊಂದು ಹಾಳೆ ಇರುತ್ತದೆ, ಬೇಕಾದವರು ಅದರ ಮೇಲೆ ತಮ್ಮ ಬೆಲೆ ಬರೆಯುತ್ತಾ ಹೋಗುತ್ತಾರೆ. ಅಂಥ ಒಂದು ಕಡೆ ಗಂಡಭೇರುಂಡ ಇಟ್ಟಿದ್ದೆ. "ಇದು ರಷ್ಯಾದ ಹದ್ದೇ?" ಎಂದು ಮೂವರು ಕೇಳಿದರು. ಮೈಸೂರಿನ ಲಾಂಛನ, ಕರ್ನಾಟಕ ಸರ್ಕಾರದ ಮುದ್ರೆ, ಅಚ್ಯುತರಾಯನ ಚಿನ್ನದ ನಾಣ್ಯದಲ್ಲಿ ಆನೆಗಳನ್ನು ಹಿಡಿದು ಹಾರುವ ಹಕ್ಕಿ ಎಂದೆಲ್ಲ ಹೇಳಿದೆ. ನಾನು ಮಾಡಿದ್ದು ಮಾತ್ರ ಬಳ್ಳಿಗಾವಿಯ ಕಂಬದ ಮೇಲಿನದ್ದನ್ನು ನೋಡಿ. 11ನೇ ಶತಮಾನದ ಆ ಭೇರುಂಡನಿಗೆ ಮನುಷ್ಯನ ಮೈ, ಎರಡು ಹಕ್ಕಿಯ ತಲೆ. ಇಲ್ಲದ ಪ್ರಾಣಿಗೆ ತೊಡೆ ಎಷ್ಟು ದಪ್ಪ ಇರಬೇಕು ಎಂದು ಯೋಚಿಸುತ್ತಾ ಸಾವಿರ ವರ್ಷದ ಹಿಂದೆ ಒಬ್ಬರು ಉಳಿ ಹಿಡಿದು ಕುಳಿತಿದ್ದರಲ್ಲ, ಅವರೊಡನೆ ಮಾತಾಡಬೇಕು ಅನಿಸುತ್ತದೆ.

ಈಗ ನಾನು ಹೇಳಲೇಬೇಕೆಂದು ಬಂದ ವಿಷಯ. 2022ರ ನವೆಂಬರ್‌ನ ಒಂದು ಫೇರ್‌ನಲ್ಲಿ ನಿವೃತ್ತ ಸ್ಕೂಲ್ ಬಸ್ ಚಾಲಕಿಯೊಬ್ಬರು ಬಂದು, ಮರಿಗಳನ್ನೆಲ್ಲ ನೋಡಿ, ಕಾರಿಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದರು. ಒಳಗೆ ಕಂದು ಕೂದಲು. ಹದಿನಾಲ್ಕು ವರ್ಷ ಸಾಕಿದ ನಾಯಿ ತೀರಿಕೊಂಡಿತ್ತು, ಬಾಚಿದಾಗಲೆಲ್ಲ ಬಂದ ಕೂದಲನ್ನು ಎಸೆಯದೆ ಇಟ್ಟಿದ್ದರು. "ಇದರಿಂದಲೇ ಮಾಡಿಕೊಡುತ್ತೀಯಾ?" ಎಂದರು. ಮುಂಗಡ ಕೊಟ್ಟರು. ಇಂಥ ಕೆಲಸ ನಮ್ಮ ಕಸುಬಿನಲ್ಲಿ ಹೊಸದಲ್ಲ. ಒಳಮೈ ಉಣ್ಣೆಯದು, ಮೇಲ್ಪದರ ಮಾತ್ರ ಆ ಕೂದಲು. ಆದರೆ ಉಣ್ಣೆ ಮುಗಿದರೆ ಇನ್ನಷ್ಟು ತರಿಸಬಹುದು, ಆ ಚೀಲ ಮುಗಿದರೆ ಮುಗಿಯಿತು.

ಮುಂದಿನ ಜನವರಿಯಲ್ಲಿ ನನ್ನ ಗಂಡನ ಕೆಲಸ ಹೋಯಿತು. ಬೆಳಗ್ಗೆ ಏಳಕ್ಕೆ ಇಮೇಲ್, ಎಂಟಕ್ಕೆ ಲ್ಯಾಪ್‌ಟಾಪ್ ಲಾಕ್. ಆ ತಿಂಗಳು ಯಾರ ಮನೆಯಲ್ಲಿ ಏನಾಯಿತು ಎಂದು ನಿಮಗೆ ಗೊತ್ತು. ಅರವತ್ತು ದಿನದೊಳಗೆ ಬೇರೆ ಕೆಲಸ ಸಿಗಬೇಕು, ಇಲ್ಲವೇ ಹೊರಡಬೇಕು. ಅವರ ಹೆಚ್-1 ಹೋದರೆ ನನ್ನ ಹೆಚ್-4 ಹೋಗುತ್ತದೆ, ಅದರ ಬಾಲಕ್ಕೆ ಕಟ್ಟಿದ ನನ್ನ ಕೆಲಸದ ಪರವಾನಗಿಯೂ ಹೋಗುತ್ತದೆ. ಏಳು ವರ್ಷ ಕಟ್ಟಿದ ನನ್ನ ಅಂಗಡಿಯ ಬೀಗದ ಕೈ ನಾನು ಒಮ್ಮೆಯೂ ಕಾಲಿಡದ ಒಂದು ಕಂಪನಿಯಲ್ಲಿತ್ತು. ವಕೀಲರು ಎಚ್ಚರಿಕೆಯ ಮನುಷ್ಯ. ಸ್ಪಷ್ಟವಾಗುವವರೆಗೆ ಏನನ್ನೂ ಮಾರಬೇಡಿ ಎಂದರು. ಎರಡು ಫೇರ್‌ಗಳ ಬಾಡಿಗೆ ಕಟ್ಟಾಗಿತ್ತು, ಎರಡೂ ಹೋದವು. ಹನ್ನೊಂದು ಜನರ ಆರ್ಡರ್ ಕೈಯಲ್ಲಿತ್ತು. ಹನ್ನೊಂದು ಪತ್ರ ಬರೆದೆ. ಹತ್ತು ಮಂದಿ ಕಾಯುತ್ತೇವೆ ಎಂದರು, ಒಬ್ಬರು ದುಡ್ಡು ವಾಪಸ್ ತೆಗೆದುಕೊಂಡರು.

ಕಾಯುತ್ತೇನೆ ಎಂದವರಲ್ಲಿ ಆ ಚಾಲಕಿಯೂ ಒಬ್ಬರು. ಆದರೆ ಅವರ ಚೀಲ ನನ್ನ ಮೇಜಿನ ಮೇಲಿತ್ತು. ಮನೆಯ ಸಾಮಾನು ಯಾರಿಗೆ ಕೊಡುವುದು, ಮಗಳ ಶಾಲೆ ಏನು ಮಾಡುವುದು ಎಂಬ ಮಾತಿನ ನಡುವೆ ನನ್ನ ಕಣ್ಣು ಅದರ ಮೇಲೆ ಹೋಗುತ್ತಿತ್ತು. ಯಾರದೋ ನಾಯಿಯ ಕೂದಲನ್ನು ಸೂಟ್‌ಕೇಸಿನಲ್ಲಿಟ್ಟು ಚಳ್ಳಕೆರೆಗೆ ಒಯ್ಯಲಾಗುತ್ತದೆಯೇ? ಅವರ ಮುಂಗಡವನ್ನು ಪೂರ್ತಿ ವಾಪಸ್ ಕಳಿಸಿದೆ. ಆಮೇಲೆ ಕುಳಿತು ನಾಯಿಯನ್ನು ಮಾಡಿದೆ. ಉಡುಗೊರೆ ಕೊಡುವುದರಲ್ಲಿ ನನಗೆ ಐದು ವರ್ಷದ ಅನುಭವವಿತ್ತಲ್ಲ. ಫೋಟೋದಲ್ಲಿ ಅದರ ಎಡಗಿವಿ ಸ್ವಲ್ಪ ಮಡಚಿಕೊಂಡಿತ್ತು, ಆ ಮಡಿಕೆಗೇ ಒಂದು ಇಡೀ ರಾತ್ರಿ ಹಿಡಿಯಿತು. ಅಂಚೆಯಲ್ಲಿ ಕಳಿಸಿದ ಹತ್ತು ದಿನಕ್ಕೆ ಒಂದು ಪೆಟ್ಟಿಗೆ ಬಂತು. ಒಳಗೆ ಮನೆಯಲ್ಲಿ ಮಾಡಿದ ಬ್ಲ್ಯಾಕ್‌ಬೆರಿ ಜಾಮ್ ಆರು ಬಾಟಲಿ, ಒಂದು ಚೀಟಿ. ಚೀಟಿಯಲ್ಲಿ ನಾಯಿಯ ಹೆಸರು ಮಾತ್ರ ಇತ್ತು.

ಐವತ್ತೊಂದನೇ ದಿನ ಬೇರೊಂದು ಕಂಪನಿ ಗಂಡನ ಅರ್ಜಿ ಹಾಕಿತು. ನಾವು ಉಳಿದೆವು. ನಮ್ಮ ಜೊತೆ ಅದೇ ಬೆಳಗ್ಗೆ ಇಮೇಲ್ ಪಡೆದ ಎರಡು ಕನ್ನಡದ ಮನೆಗಳು ಉಳಿಯಲಿಲ್ಲ. ಅದರಲ್ಲೊಂದು ಮನೆಯ ಹೆಣ್ಣುಮಗಳು ಕೇಕ್ ಮಾಡಿ ಮಾರುತ್ತಿದ್ದಳು, ಬಹಳ ಚೆನ್ನಾಗಿ. ಆಕೆಯ ಓವನ್ ಈಗ ನಮ್ಮ ಮನೆಯಲ್ಲಿದೆ.

ನಮ್ಮ ಗ್ರೀನ್ ಕಾರ್ಡಿನ ಸರದಿ ಇನ್ನೂ ಬಂದಿಲ್ಲ. ನನ್ನ ಪರವಾನಗಿಯ ನವೀಕರಣಕ್ಕೆ ಮೊನ್ನೆ ಮತ್ತೆ ಅರ್ಜಿ ಹಾಕಿದ್ದೇನೆ. ಮುಂದಿನ ಎರಡು ಶನಿವಾರ ಫೇರ್ ಇದೆ, ಗಾಳಿ ಇದೆ ಎನ್ನುತ್ತಿದೆ ಹವಾಮಾನ ವರದಿ, ಕಾಂಕ್ರೀಟ್ ಗುಂಡುಗಳು ಕಾರಿನಲ್ಲೇ ಇವೆ.

ಹೊರಗೆ ಬಾಗಿಲ ಎಡಕ್ಕೆ ಮೇಜಿನ ಮೇಲೆ ಒಂಬತ್ತು ಮರಿಗಳಿವೆ. ಗಂಡಭೇರುಂಡ ಆಗಲೇ ಹೋಗಿದೆ, ಕೇಳಬೇಡಿ. ಉಳಿದವನ್ನು ಮುಟ್ಟಿ ನೋಡಬಹುದು, ಊಟ ಮಾಡಿ ಕೈ ತೊಳೆದುಕೊಂಡು ಮಾತ್ರ. ಚೌಕಾಸಿ ಮಾಡುವವರು ಎರಡನೇ ಸಲ ಪಾಯಸ ಹಾಕಿಸಿಕೊಂಡ ಮೇಲೆ ಬನ್ನಿ.